ಗಂಟಿಲ್ಲದ ಹೊಲಿಗೆ: ಟುವ್ವಿ ಹಕ್ಕಿಯ ಗೂಡಿನ ಬಗ್ಗೆ

ಪ್ರಶ್ನೆ: ನಮ್ಮ ಕೈತೋಟದ ಅಂಜೂರದ ಗಿಡದಲ್ಲಿ ಎರಡು ಎಲೆ ಸೇರಿಸಿ ಹೊಲಿದು ಚೀಲ ಮಾಡಿದ ಹಾಗಿದೆ. ಒಳಗೆ ಹತ್ತಿಯ ಮೆತ್ತೆ, ಅದರಲ್ಲಿ ಮೂರು ಪುಟ್ಟ ಮೊಟ್ಟೆಗಳು. ಬಾಲ ಎತ್ತಿಕೊಂಡು ಓಡಾಡುವ ಸಣ್ಣ ಹಸಿರು ಹಕ್ಕಿ ಬಂದು ಹೋಗುತ್ತಿರುತ್ತದೆ. ಬೆಳಗಾದರೆ ಸಾಕು, ಜೋರಾಗಿ ಕೂಗುತ್ತದೆ. ಇಷ್ಟು ಚಿಕ್ಕ ಕೊಕ್ಕಿನಿಂದ ಅದು ದಾರಕ್ಕೆ ಗಂಟು ಹೇಗೆ ಹಾಕುತ್ತದೆ? ಒಂದು ಎಲೆಯ ಅಂಚು ಹಳದಿಯಾಗುತ್ತಿದೆ, ಗೂಡು ಬಿದ್ದೀತೆಂದು ಭಯವಾಗಿದೆ. ನಾನೇ ದಾರ ಹಾಕಿ ಬಿಗಿ ಮಾಡಲೇ? ಮುಂದಿನ ವರ್ಷವೂ ಇಲ್ಲೇ ಕಟ್ಟುತ್ತದೆಯೇ?

ಉತ್ತರ: ಮೊದಲು ಅವಸರದ ಮಾತು. ದಾರ ಹಾಕಬೇಡಿ, ಬಿಗಿ ಮಾಡಬೇಡಿ. ಆ ಎಲೆ ಹಾಗೇ ಇರಲಿ. ಯಾಕೆಂದು ವಿವರವಾಗಿ ಹೇಳುತ್ತೇನೆ. ಈ ಹಕ್ಕಿಯ ಹೊಲಿಗೆ ಹೇಗೆ ನಿಲ್ಲುತ್ತದೆ ಎನ್ನುವುದು ಗೊತ್ತಾದರೆ, ಅದಕ್ಕೆ ನಮ್ಮ ಸಹಾಯ ಯಾಕೆ ಬೇಡ ಎನ್ನುವುದೂ ಗೊತ್ತಾಗುತ್ತದೆ.

ನೀವು ನೋಡುತ್ತಿರುವುದು ಟುವ್ವಿ ಹಕ್ಕಿ. ಸಿಂಪಿಗ, ದರ್ಜಿ ಹಕ್ಕಿ ಅಂತಲೂ ಕರೆಯುತ್ತಾರೆ. ವೈಜ್ಞಾನಿಕ ಹೆಸರು ಆರ್ಥೋಟೋಮಸ್ ಸುಟೋರಿಯಸ್. ಉದ್ದ 10ರಿಂದ 14 ಸೆಂಟಿಮೀಟರ್, ತೂಕ 6ರಿಂದ 10 ಗ್ರಾಂ. ಬೆನ್ನು ಪಾಚಿಹಸಿರು, ಹೊಟ್ಟೆ ಮಾಸಲು ಬಿಳಿ, ನೆತ್ತಿ ತುಕ್ಕಿನ ಬಣ್ಣ. ಕೊಕ್ಕು ಸಪೂರ, ಉದ್ದ, ತುದಿಯಲ್ಲಿ ಸ್ವಲ್ಪವೇ ಬಾಗಿದೆ. ಬಾಲ ಸದಾ ಮೇಲಕ್ಕೆ ನೆಟ್ಟಗಿರುತ್ತದೆ. ಮರಿ ಮಾಡುವ ಕಾಲದಲ್ಲಿ ಗಂಡಿನ ಬಾಲದ ನಡುವಿನ ಎರಡು ಗರಿ ಉದ್ದವಾಗಿ ಬೆಳೆಯುತ್ತವೆ. ಹಾಗಾಗಿ ಈ ಕಾಲದಲ್ಲಿ ಗಂಡು ಹೆಣ್ಣು ಗುರುತಿಸುವುದು ಸುಲಭ. ಕಾಲ ಮುಗಿದ ಮೇಲೆ ಆ ಉದ್ದ ಗರಿಗಳು ಉದುರಿಹೋಗುತ್ತವೆ, ಆಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಜೋರಾಗಿ ಕೂಗುತ್ತದೆ ಎಂದಿರಲ್ಲ, ಅದನ್ನೂ ಒಮ್ಮೆ ಗಮನಿಸಿ. ಕೂಗುವಾಗ ಕತ್ತಿನ ಪಕ್ಕದಲ್ಲಿ ಕಪ್ಪು ಕಲೆಯೊಂದು ಕಾಣಿಸಿಕೊಳ್ಳುತ್ತದೆ. ಗಂಟಲು ಉಬ್ಬಿ ಗರಿಗಳು ಸರಿದಾಗ ಅಡಿಯ ಕಪ್ಪು ಹೊರಗೆ ಬರುತ್ತದೆ. ಕೂಗು ನಿಂತರೆ ಕಲೆಯೂ ಮಾಯ. ಪುಸ್ತಕದ ಚಿತ್ರಗಳಲ್ಲಿ ಇದು ಕಾಣದೇ ಇರುವುದರಿಂದ, ಕೆಲವರು ಕತ್ತಿನಲ್ಲಿ ಕಪ್ಪಿರುವ ಬೇರೆ ಯಾವುದೋ ಹಕ್ಕಿ ಅಂದುಕೊಳ್ಳುತ್ತಾರೆ. ಕೂಗುವಾಗ ಅದು ಎತ್ತರದ ಕೊಂಬೆಗೆ ಬರುವುದುಂಟು. ಉಳಿದಂತೆ ಪೊದೆಯ ಒಳಗೇ ಓಡಾಡಿಕೊಂಡಿರುತ್ತದೆ. ದನಿ ಕೇಳಿಸಿದಷ್ಟು ಹಕ್ಕಿ ಕಾಣುವುದಿಲ್ಲ.

ಈಗ ಗಂಟಿನ ವಿಷಯ. ಇದನ್ನು ಕೇಳಿದ್ದಕ್ಕೆ ನನಗೆ ತುಂಬ ಖುಷಿಯಾಯಿತು. ಉತ್ತರ ಒಂದೇ ಮಾತಿನದು: ಟುವ್ವಿ ಹಕ್ಕಿ ಗಂಟು ಹಾಕುವುದೇ ಇಲ್ಲ.

ಹಾಕುತ್ತದೆ ಅಂತ ದೊಡ್ಡ ದೊಡ್ಡವರೇ ನಂಬಿದ್ದರು. ಭಾರತದ ಹಕ್ಕಿಗಳ ಬಗ್ಗೆ 19ನೇ ಶತಮಾನದಲ್ಲಿ ಬಹಳ ಕೆಲಸ ಮಾಡಿದ ಟಿ. ಸಿ. ಜೆರ್ಡನ್ ಕೂಡ, ಹಕ್ಕಿ ದಾರವನ್ನು ಎಲೆಯಿಂದ ಹೊರಗೆ ತಂದು ತುದಿಗೆ ಗಂಟು ಹಾಕುತ್ತದೆ ಎಂದೇ ಬರೆದರು. ಅವರನ್ನು ತಪ್ಪು ಅನ್ನಲು ಮನಸ್ಸು ಬರುವುದಿಲ್ಲ. ಗೂಡನ್ನು ಹೊರಗಿನಿಂದ ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ. ಎಲೆಯ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಉಂಡೆಗಳು ಕಾಣುತ್ತವೆ. ಗಂಟು ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳುವುದು?

ನಿಜವಾಗಿ ನಡೆಯುವುದು ಇಷ್ಟು. ಹೆಣ್ಣು ಹಕ್ಕಿ ಎಲೆಯ ಅಂಚಿನ ಹತ್ತಿರ ಕೊಕ್ಕಿನಿಂದ ಚುಚ್ಚಿ ತೂತು ಮಾಡುತ್ತದೆ. ಗಿಡದ ನಾರು, ಹತ್ತಿಯ ಎಳೆ, ಜೇಡರ ಬಲೆಯ ನೂಲು, ಹುಳುವಿನ ಗೂಡಿನ ರೇಷ್ಮೆ, ಸಿಕ್ಕಿದರೆ ನಮ್ಮ ಹೊಲಿಗೆ ದಾರ, ಇದರಲ್ಲಿ ಯಾವುದಾದರೂ ಸರಿ, ಅದನ್ನು ಆ ತೂತಿನಲ್ಲಿ ತೂರಿಸಿ ಎಳೆಯುತ್ತದೆ. ಹೊರಗೆ ಬಂದ ತುದಿ ನುಲಿ ಬಿಚ್ಚಿಕೊಂಡು ಕೆದರಿ ಜುಂಗಾಗುತ್ತದೆ. ತೂತು ಸಣ್ಣದು, ಜುಂಗು ದಪ್ಪ. ಮತ್ತೆ ಒಳಗೆ ಜಾರುವುದಿಲ್ಲ. ತಗಡಿನ ಎರಡು ತುಂಡನ್ನು ಜೋಡಿಸಲು ರಿವೆಟ್ ಹೊಡೆಯುತ್ತಾರಲ್ಲ, ಅದೇ ತತ್ವ. ಎರಡು ಕಡೆಯೂ ತುದಿ ದಪ್ಪ, ನಡುವೆ ಸಪೂರ. ಒಂದೊಂದು ತೂತೂ ತನ್ನಷ್ಟಕ್ಕೆ ಬಿಗಿಯಾಗಿರುತ್ತದೆ.

ಹಾಗಾಗಿ ಬಟ್ಟೆಯ ಹೊಲಿಗೆಯ ಥರ ಒಂದೇ ದಾರ ಇಲ್ಲಿ ಉದ್ದಕ್ಕೆ ಓಡುವುದಿಲ್ಲ. ಬಟ್ಟೆಯಲ್ಲಿ ಒಂದು ಕಡೆ ದಾರ ಕಿತ್ತರೆ ಸಾಲು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಒಂದು ಹೊಲಿಗೆ ಕಿತ್ತರೆ ಹೋಗುವುದು ಅದೊಂದೇ. ಉಳಿದವು ಹಿಡಿದುಕೊಂಡೇ ಇರುತ್ತವೆ. ಗಾಳಿಗೆ ಎಲೆ ಅಲ್ಲಾಡುತ್ತದೆ, ಮರಿಗಳು ಬೆಳೆದು ಒಳಗಿನಿಂದ ತಳ್ಳುತ್ತವೆ, ಅಷ್ಟಾದರೂ ಚೀಲ ಒಮ್ಮೆಲೇ ಬಾಯಿ ಬಿಡುವುದಿಲ್ಲ. ನೀವು ಹೊರಗಿನಿಂದ ದಾರ ಸುತ್ತಿ ಬಿಗಿದಿರಿ ಎಂದುಕೊಳ್ಳಿ. ಹೊಂದಿಕೊಂಡು ಹಿಗ್ಗಬೇಕಾದ ಆ ಚೀಲ ಹಿಗ್ಗಲಾರದೆ, ನಿಮ್ಮ ದಾರ ಎಲೆಯನ್ನೇ ಕೊಯ್ಯುತ್ತದೆ.

ಗಂಟು ಹಾಕುವ ಹಕ್ಕಿ ನೋಡಬೇಕೆಂದಿದ್ದರೆ ಗೀಜಗನನ್ನು ನೋಡಿ. ಅದು ಹುಲ್ಲಿನ ಗರಿಯನ್ನು ಹಸಿಯಾಗಿರುವಾಗಲೇ ಸೀಳಿ ತಂದು ಕುಣಿಕೆ ಮಾಡಿ ಗಂಟು ಹಾಕುತ್ತದೆ, ನೇಯುತ್ತದೆ. ಅಲ್ಲಿ ನೇಯುವವನು ಗಂಡು. ಟುವ್ವಿ ಹಕ್ಕಿಯಲ್ಲಿ ಹೊಲಿಯುವವಳು ಹೆಣ್ಣು. ಎರಡೂ ಕುಶಲ ಕೆಲಸವೇ, ಆದರೆ ಒಂದರ ಹಾಗೆ ಇನ್ನೊಂದಲ್ಲ.

ಹೊಲಿಗೆಯ ಬಗ್ಗೆ ಎಲ್ಲರೂ ಬೆರಗಾಗುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ: ಹೊಲಿದ ಮೇಲೂ ಎಲೆ ಹಸಿರಾಗಿಯೇ ಇರುತ್ತದೆ. ಎಲೆ ಗಿಡದಿಂದ ಕಳಚಿಲ್ಲ. ತೊಟ್ಟು ಭದ್ರವಾಗಿದೆ, ನಡುವಿನ ನರ ಭದ್ರವಾಗಿದೆ. ಹಕ್ಕಿ ಚುಚ್ಚುವುದು ಅಂಚಿನಲ್ಲಿ, ಅದೂ ಬಹಳ ಸಣ್ಣದಾಗಿ. ನೀರು ಹರಿಯುವ ದಾರಿ ಎಲ್ಲೂ ಕಡಿದುಹೋಗಿಲ್ಲ. ಅದಕ್ಕೇ ತೂತಿನ ಸುತ್ತ ಎಲೆ ಕಂದಾಗುವುದಿಲ್ಲ. ಜೊತೆಗೆ ಎಲೆಯ ಮೇಲ್ಮೈ ಹೊರಗೆ ಬರುವ ಹಾಗೆಯೇ ಮಡಿಸಿ ಹೊಲಿಯುತ್ತದೆ. ಸುತ್ತಲಿನ ಎಲೆಗಳ ಗಾಢ ಹಸಿರೇ ಗೂಡಿನ ಬಣ್ಣವೂ ಆಗುತ್ತದೆ. ತಿಳಿಬಣ್ಣದ ಅಡಿಭಾಗ ಹೊರಗೆ ಬಂದಿದ್ದರೆ ಅಷ್ಟು ಎಲೆಗಳ ನಡುವೆ ಅದೊಂದೇ ಕಣ್ಣಿಗೆ ಬಡಿಯುತ್ತಿತ್ತು. ಅಂದರೆ ಹೊಲಿಗೆ ಗೂಡನ್ನು ಹಿಡಿದಿಡುತ್ತದೆ, ಮರಿಗಳನ್ನು ಕಾಯುವುದು ಮಾತ್ರ ಬದುಕಿರುವ ಎಲೆ. ಯಾರಿಗೂ ಕಾಣದೇ ಇರುವುದೇ ಈ ಗೂಡಿಗೆ ಇರುವ ರಕ್ಷಣೆ. ಮುಳ್ಳಿಲ್ಲ, ಗೋಡೆಯಿಲ್ಲ, ಎತ್ತರವೂ ಇಲ್ಲ.

ಈ ಮಾತು ಬಂದಾಗ ಥಾಮಸ್ ಪೆನೆಂಟ್ ನೆನಪಾಗುತ್ತಾರೆ. 1769ರಲ್ಲಿ ಈ ಹಕ್ಕಿಯನ್ನು ಮೊದಲ ಸಲ ವೈಜ್ಞಾನಿಕವಾಗಿ ವರ್ಣಿಸಿದವರು ಅವರೇ. ಹಕ್ಕಿ ಕೆಳಗೆ ಬಿದ್ದ ಒಣ ಎಲೆಯನ್ನು ಎತ್ತಿ ತಂದು ಹಸಿ ಎಲೆಯ ಪಕ್ಕಕ್ಕೆ ಹೊಲಿಯುತ್ತದೆ ಎಂದು ಅವರು ಬರೆದರು. ಹಕ್ಕಿಯ ಬಣ್ಣ ತಿಳಿ ಹಳದಿ ಅಂತಲೂ ಬರೆದರು. ಹಳದಿ ಎನ್ನುವುದಂತೂ ಸರಿಯಲ್ಲ. ಒಣ ಎಲೆಯ ಕಥೆಯೂ ಹಕ್ಕಿಯ ರೀತಿಗೆ ಹೊಂದುವುದಿಲ್ಲ. ಅದು ಹುಡುಕುವುದು ಗಿಡದಲ್ಲಿರುವ ಬಾಗುವ ಹಸಿ ಎಲೆಯನ್ನು. ಒಣ ಎಲೆ ಚುಚ್ಚಿದರೆ ಪುಡಿಯಾಗುತ್ತದೆ, ಅಲ್ವಾ? ಹೊಲಿದಾಗ ಹಸಿರಾಗಿದ್ದ ಎಲೆ ನಂತರ ಹಣ್ಣಾಗಿ ಒಣಗುವುದುಂಟು. ಅಂಥ ಗೂಡನ್ನು ಯಾರೋ ನೋಡಿ ಹಾಗೆ ಊಹಿಸಿರಬೇಕು ಎನ್ನುವುದು ನನ್ನ ಅನಿಸಿಕೆ.

ಇಲ್ಲಿಂದ ನಿಮ್ಮ ಹಳದಿ ಎಲೆಗೆ ಬರೋಣ. ಎರಡರಲ್ಲಿ ಒಂದು ಎಲೆ ಮಾತ್ರ ಹಳದಿಯಾಗುತ್ತಿದೆ ಎಂದರೆ ಆ ಎಲೆಗೆ ವಯಸ್ಸಾಗಿರುವ ಸಾಧ್ಯತೆಯೇ ಜಾಸ್ತಿ. ಹೊಲಿಗೆಯನ್ನು ದೂರಬೇಡಿ. ಕೊಂಬೆಯ ಕೆಳಭಾಗದ ಎಲೆ ಮೊದಲು ಹಣ್ಣಾಗುವುದು ಅಂಜೂರದಲ್ಲಿ ಸಹಜ. ಇನ್ನೊಂದು ಎಲೆ ಗಟ್ಟಿಯಾಗಿರುವವರೆಗೆ ಭಾರ ಅದರ ಮೇಲೆ ನಿಲ್ಲುತ್ತದೆ. ಹಳದಿಯಾದ ಎಲೆ ತೊಟ್ಟು ಬಿಟ್ಟರೂ, ಸಾಲು ಹೊಲಿಗೆ ಅದನ್ನು ಬೇಗ ಬೀಳಲು ಬಿಡುವುದಿಲ್ಲ. ನೀವು ಮಾಡಬಹುದಾದ್ದು ಗಿಡಕ್ಕೆ ಮಾತ್ರ. ಬುಡಕ್ಕೆ ನೀರು ತಪ್ಪಿಸಬೇಡಿ. ಮೇಲಿನಿಂದ ಪೈಪಿನಲ್ಲಿ ನೀರು ಹಾಯಿಸಬೇಡಿ. ಆ ಕೊಂಬೆಯ ಸುತ್ತ ಒಂದು ಎಲೆಯನ್ನೂ ಕತ್ತರಿಸಬೇಡಿ. ಗೂಡಿಗೆ ಮೇಲಿನ ಎಲೆಗಳೇ ಮಳೆ, ಬಿಸಿಲಿಗೆ ಮಾಡು. ಔಷಧಿ ಸಿಂಪಡಣೆ ಪೂರ್ತಿ ನಿಲ್ಲಿಸಿ, ಅದರ ಕಾರಣ ಮುಂದೆ ಹೇಳುತ್ತೇನೆ.

ಎಷ್ಟು ದಿನ ಹೀಗೆ ಕಾಯಬೇಕು? ಬಹಳ ದಿನ ಅಲ್ಲ. ಮೊಟ್ಟೆಗೆ ಕಾವು ಸುಮಾರು 12 ದಿನ. ಮರಿ ಹೊರಬಂದ ಮೇಲೆ ಗೂಡು ಬಿಡಲು ಸುಮಾರು 14 ದಿನ. ಒಟ್ಟು ನಾಲ್ಕು ವಾರದ ಒಳಗೆ ಎಲ್ಲ ಮುಗಿಯುತ್ತದೆ. ನಿಮ್ಮ ಗೂಡಿನ ಹಾಗೆ ಸಾಮಾನ್ಯವಾಗಿ ಮೂರು ಮೊಟ್ಟೆ ಇರುತ್ತವೆ. ತಾಯಿ ಕಾವು ಕೂತಾಗ ಗಂಡು ಅವಳಿಗೆ ಆಹಾರ ತಂದು ಕೊಡುತ್ತದೆ. ಮರಿಗಳಿಗೆ ಎರಡೂ ಉಣಿಸುತ್ತವೆ.

ಮೊಟ್ಟೆಯ ಬಣ್ಣ ನೀವು ಬರೆದಿಲ್ಲ. ಅದು ಒಂದು ಸಂಶಯವನ್ನು ಬಿಡಿಸುತ್ತಿತ್ತು. ಎಲೆ ಹೊಲಿಯುವ ಹಕ್ಕಿ ಟುವ್ವಿ ಒಂದೇ ಅಲ್ಲ. ಅದರದ್ದೇ ಕುಟುಂಬದ ಬೂದು ಉಲಿಯಕ್ಕಿಯೂ ಕೆಲವು ಸಲ ಎಲೆಗಳನ್ನು ಜೋಡಿಸಿ ಹೊಲಿದು ಗೂಡು ಮಾಡುತ್ತದೆ, ಸಾಮಾನ್ಯವಾಗಿ ನೆಲಕ್ಕೆ ಹತ್ತಿರದ ಪೊದೆಯಲ್ಲಿ. ಅದರ ಮೊಟ್ಟೆ ಇಟ್ಟಿಗೆ ಕೆಂಪು, ಒಳ್ಳೆ ಹೊಳಪು. ಟುವ್ವಿಯದ್ದು ತಿಳಿ ನೀಲಿ ಅಥವಾ ಕೆಂಪು ಛಾಯೆಯ ಬಿಳಿ, ಮೇಲೆ ಕಂದುಗೆಂಪು ಚುಕ್ಕೆ. ಆದರೆ ದಯವಿಟ್ಟು ಇದನ್ನು ನೋಡಲೆಂದು ಮತ್ತೆ ಹೋಗಬೇಡಿ. ಹಕ್ಕಿ ಹಸಿರು ಅಂದಿರಲ್ಲ, ಅಷ್ಟು ಸಾಕು. ಉಲಿಯಕ್ಕಿಯ ಬೆನ್ನು ಬೂದು.

ಮತ್ತೆ ಹೋಗಬೇಡಿ ಎನ್ನುವುದಕ್ಕೆ ಕಾರಣ ಇದೆ. ಟುವ್ವಿಯ ಮೊಟ್ಟೆ, ಮರಿಗಳು ದೊಡ್ಡ ಸಂಖ್ಯೆಯಲ್ಲಿ ಬೇರೆ ಪ್ರಾಣಿಗಳ ಬಾಯಿಗೆ ಹೋಗುತ್ತವೆ. ಕೆಂಬೂತ ಪೊದೆ ಪೊದೆ ಜಾಲಾಡುತ್ತದೆ. ಬೆಕ್ಕು, ಇಲಿ, ಓತಿಕ್ಯಾತ ಇದ್ದೇ ಇವೆ. ಕಾಗೆಗಳಂತೂ ಮನುಷ್ಯ ಏನು ನೋಡುತ್ತಿದ್ದಾನೆ ಎನ್ನುವುದನ್ನೇ ಗಮನಿಸುತ್ತಿರುತ್ತವೆ. ನೀವು ದಿನವೂ ಒಂದೇ ಕೊಂಬೆಯ ಮುಂದೆ ನಿಂತರೆ, ಎಲೆ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟ ಗುಟ್ಟನ್ನು ನೀವೇ ತೋರಿಸಿಕೊಟ್ಟ ಹಾಗಾಗುತ್ತದೆ. ಮೊಬೈಲ್ ಹಿಡಿದು ಹತ್ತಿರ ಹೋಗುವುದು, ಚೆನ್ನಾಗಿ ಕಾಣಲಿ ಅಂತ ಅಡ್ಡದ ಎಲೆ ಸರಿಸುವುದು ಇದೆಲ್ಲ ಬೇಡವೇ ಬೇಡ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಷ್ಟೋ ಗೂಡುಗಳು ಹಾಳಾಗುವುದು ಪ್ರೀತಿಯಿಂದ ನೋಡಲು ಹೋದವರಿಂದಲೇ. ಕಿಟಕಿಯ ಒಳಗಿಂದ ನೋಡಿ. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಬೆಕ್ಕಿದ್ದರೆ ಈ ನಾಲ್ಕು ವಾರ ಒಳಗಿಟ್ಟುಕೊಳ್ಳಿ.

ಕಾನೂನೂ ಇದನ್ನೇ ಹೇಳುತ್ತದೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಕಾಡುಹಕ್ಕಿಗಳ ಮೊಟ್ಟೆ ಹಾಳುಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ಅದರೊಳಗೇ ಬರುತ್ತದೆ.

ಒಂದು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಗಾಳಿಗೆ ಕೊಂಬೆಯೇ ಮುರಿದು ಗೂಡು ನೆಲಕ್ಕೆ ಬಂದರೆ, ಆ ಕೊಂಬೆಯನ್ನು ಎತ್ತಿ ಮೊದಲಿದ್ದ ಜಾಗದಲ್ಲೇ, ಅದೇ ಎತ್ತರದಲ್ಲಿ ಗಿಡಕ್ಕೆ ಕಟ್ಟಿ. ಗೂಡಿಗೆ ಕಟ್ಟಬೇಡಿ, ಕೊಂಬೆಗೆ ಕಟ್ಟಿ. ಬಾಯಿ ಮೇಲೆ ಬರಲಿ, ನೆರಳಿರಲಿ. ಕೆಲಸ ಬೇಗ ಮುಗಿಸಿ ದೂರ ಬನ್ನಿ. ಮನುಷ್ಯ ಮುಟ್ಟಿದರೆ ವಾಸನೆಗೆ ಹಕ್ಕಿ ಗೂಡು ಬಿಟ್ಟುಹೋಗುತ್ತದೆ ಎನ್ನುವ ಮಾತು ಎಲ್ಲ ಕಡೆ ಇದೆ, ಅದು ನಿಜವಲ್ಲ. ಹಕ್ಕಿ ಗೂಡು ಬಿಡುವುದು ವಾಸನೆಗಲ್ಲ, ಪದೇ ಪದೇ ಆಗುವ ಗಲಾಟೆಗೆ. ಗೂಡು ಕಟ್ಟುವಾಗ ಮತ್ತು ಮೊಟ್ಟೆ ಇರುವಾಗ ಬಿಟ್ಟುಹೋಗುವ ಸಾಧ್ಯತೆ ಹೆಚ್ಚು. ಮರಿಗಳಾದ ಮೇಲೆ ತಂದೆ ತಾಯಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಇನ್ನೊಂದು ಅಪಾಯ ಕೋಗಿಲೆಗಳದ್ದು. ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಕಪ್ಪು ಕೋಗಿಲೆ ಅಲ್ಲ. ಅದೇ ಗುಂಪಿನ ಸಣ್ಣ ಜಾತಿಗಳು, ಉದಾಹರಣೆಗೆ ಬೂದುಹೊಟ್ಟೆಯ ಕೋಗಿಲೆ, ಟುವ್ವಿ ಮತ್ತು ಉಲಿಯಕ್ಕಿಗಳ ಗೂಡಿನಲ್ಲಿ ಮೊಟ್ಟೆ ಇಡುತ್ತವೆ. ಮುಂದೊಂದು ದಿನ ಈ ಪುಟ್ಟ ಹಕ್ಕಿ ತನಗಿಂತ ದೊಡ್ಡ ಮರಿಗೆ ಉಣಿಸುವುದು ಕಂಡರೆ ಗಾಬರಿಯಾಗಬೇಡಿ, ಮಧ್ಯೆ ಹೋಗಲೂಬೇಡಿ. ಕೋಗಿಲೆಯೂ ಅಷ್ಟೇ ಹಕ್ಕಿನಿಂದ ಬದುಕುವ ಕಾಡುಹಕ್ಕಿ.

ಔಷಧಿ ಸಿಂಪಡಣೆ ಬೇಡ ಎಂದೆ. ಟುವ್ವಿ ಹಕ್ಕಿ ಮುಖ್ಯವಾಗಿ ಹುಳುಹುಪ್ಪಟೆ ತಿಂದು ಬದುಕುತ್ತದೆ. ಸಣ್ಣ ಜೀರುಂಡೆ, ತಿಗಣೆ ಜಾತಿಯ ಕೀಟ, ಎಲೆ ತಿನ್ನುವ ಹುಳು, ಇವನ್ನೆಲ್ಲ ಎಲೆಯ ಅಡಿಯಿಂದ, ಹೂಗೊಂಚಲಿನಿಂದ ಹೆಕ್ಕುತ್ತದೆ. ಮಾವು ಹೂ ಬಿಟ್ಟಾಗ ಅಲ್ಲಿ ಹಾಜರು, ಹೂವಿಗೆ ಬರುವ ಕೀಟಗಳಿಗಾಗಿ. ಬೂರುಗದಂಥ ಮರಗಳ ಹೂವಿನಲ್ಲಿ ಮಕರಂದವನ್ನೂ ಕುಡಿಯುತ್ತದೆ. ಆಗ ತಲೆಗೆಲ್ಲ ಪರಾಗ ಮೆತ್ತಿಕೊಂಡು ನೆತ್ತಿ ಹೊಂಬಣ್ಣವಾಗಿ ಕಾಣುವುದೂ ಉಂಟು. ಹೊಸಬರು ಇದು ಬೇರೆಯೇ ಜಾತಿ ಎಂದು ಫೋಟೊ ಕಳಿಸುತ್ತಾರೆ. ಮರಿಗಳಿಗೆ ಬೇಕಾದ್ದು ಮೆತ್ತಗಿನ ಹುಳುಗಳೇ. ನೀವು ಹುಳು ಕೊಂದರೆ ಮರಿ ಉಪವಾಸ. ಔಷಧಿ ತಾಗಿದ ಹುಳುವನ್ನು ತಿಂದರೆ ಇನ್ನೂ ಕಷ್ಟ. ಅಂಜೂರದ ನಾಲ್ಕು ಎಲೆ ಹುಳು ತಿಂದರೆ ತಿನ್ನಲಿ ಬಿಡಿ, ಆ ಹುಳುವನ್ನು ತಿನ್ನಲು ಅಲ್ಲೇ ಒಂದು ಸಂಸಾರ ಇದೆ.

ಹರಡಿಕೊಂಡಿರುವ ಜಾಗದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪಾಕಿಸ್ತಾನದಿಂದ ಹಿಡಿದು ಭಾರತ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್ ದಾಟಿ ದಕ್ಷಿಣ ಚೀನಾ, ಜಾವಾದವರೆಗೂ ಇದೆ. ವಲಸೆ ಹೋಗುವುದಿಲ್ಲ. ಕಾಡಿನ ಅಂಚು, ತೋಟ, ಹೊಲದ ಬೇಲಿ, ನಗರದ ಕೈತೋಟ, ಎಲ್ಲಿ ಪೊದೆಯಿದೆಯೋ ಅಲ್ಲಿ ಒಗ್ಗಿಕೊಳ್ಳುತ್ತದೆ. ಇದರ ಸಂಬಂಧಿಗಳು ಹೆಚ್ಚಾಗಿ ಆಗ್ನೇಯ ಏಷ್ಯಾದಲ್ಲಿವೆ. ಅವುಗಳಲ್ಲಿ ಒಂದು, ಕಾಂಬೋಡಿಯಾದ ದರ್ಜಿ ಹಕ್ಕಿ, ವಿಜ್ಞಾನದ ಪಟ್ಟಿಗೆ ಸೇರಿದ್ದು 2013ರಲ್ಲಿ. ಅದು ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ, ರಾಜಧಾನಿ ನಾಮ್ ಪೆನ್ ನಗರದಲ್ಲೇ, ಜನರ ನಡುವೆಯೇ! ಲಕ್ಷಾಂತರ ಜನ ಓಡಾಡುವ ಊರಿನ ಪೊದೆಗಳಲ್ಲಿ ಒಂದು ಇಡೀ ಜಾತಿ ಗುರುತಾಗದೆ ಉಳಿದಿತ್ತು. ಈ ಗುಂಪಿನ ಹಕ್ಕಿಗಳು ಅಡಗಿಕೊಳ್ಳುವುದರಲ್ಲಿ ಎಷ್ಟು ಪಳಗಿವೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊನೆಯ ಪ್ರಶ್ನೆ, ಮುಂದಿನ ವರ್ಷದ್ದು. ಇದೇ ಗೂಡಿಗೆ ಮತ್ತೆ ಬರುತ್ತದೆಂದು ಕಾಯಬೇಡಿ. ಎಲೆ ಉದುರಿದ ಮೇಲೆ ಗೂಡೂ ಹೋಯಿತು. ಪ್ರತಿ ಸಲ ಹೊಸ ಎಲೆ, ಹೊಸ ಹೊಲಿಗೆ. ಭಾರತದಲ್ಲಿ ಮಾರ್ಚ್‌ನಿಂದ ಡಿಸೆಂಬರ್‌ವರೆಗೂ ಮರಿ ಮಾಡುವುದು ಕಂಡುಬಂದಿದೆ, ಜೂನ್‌ನಿಂದ ಆಗಸ್ಟ್‌ವರೆಗೆ ಜೋರು. ಮಳೆಗೆ ಚಿಗುರಿದ ದೊಡ್ಡ ಎಲೆ, ಜೊತೆಗೆ ಬೇಕಾದಷ್ಟು ಹುಳು, ಎರಡೂ ಒಟ್ಟಿಗೆ ಸಿಗುವ ಕಾಲ ಅದು. ನಿಮ್ಮ ಕೈತೋಟ ಹಿಡಿಸಿದ್ದರೆ ಅಲ್ಲೇ ಎಲ್ಲೋ ಇನ್ನೊಂದು ಗಿಡದಲ್ಲಿ ಕಟ್ಟಬಹುದು. ಅದಕ್ಕೆ ಅಂಜೂರ, ನಿಂಬೆ, ಬದನೆಯಂಥ, ಬಾಗುವ ಅಗಲ ಎಲೆಯ ಗಿಡಗಳು ಒಂದಕ್ಕೊಂದು ತಾಗಿಕೊಂಡು ಬೆಳೆದಿರಲಿ. ಬೇಲಿಯನ್ನು ವರ್ಷದ ಎಲ್ಲ ಕಾಲದಲ್ಲೂ ನುಣ್ಣಗೆ ಕತ್ತರಿಸಬೇಡಿ. ಗಿಡಗಳ ನಡುವಿನ ಜೇಡರ ಬಲೆಯನ್ನು ಗುಡಿಸಬೇಡಿ, ಹೊಲಿಗೆಯ ನೂಲು ಅದರಿಂದಲೂ ಬರುತ್ತದೆ. ಹತ್ತಿ, ದಾರ ತಂದು ಗಿಡಕ್ಕೆ ನೇತುಹಾಕುವ ಆಸೆ ಕೆಲವರಿಗೆ ಇರುತ್ತದೆ. ಅದು ಬೇಡ, ಉದ್ದ ದಾರ ಮರಿಗಳ ಕಾಲಿಗೆ ಸುತ್ತಿಕೊಳ್ಳಬಹುದು.

ಮರಿಗಳು ಗೂಡು ಬಿಟ್ಟ ಮೊದಲ ದಿನಗಳಲ್ಲಿ ಚೆನ್ನಾಗಿ ಹಾರಲಾರವು. ಪೊದೆಯಲ್ಲಿ ಪುಟುಪುಟು ಓಡಾಡುತ್ತಿರುತ್ತವೆ. ತಾಯಿ ತಂದೆ ಅಲ್ಲೇ ಸುತ್ತ ಇದ್ದು ಉಣಿಸುತ್ತವೆ. ಅನಾಥ ಮರಿ ಎಂದುಕೊಂಡು ಹಿಡಿದು ಒಳಗೆ ತರಬೇಡಿ. ತೆರೆದ ನೆಲದಲ್ಲಿ ಕೂತಿದ್ದರೆ ಹತ್ತಿರದ ಪೊದೆಗೆ ಬಿಟ್ಟು ಬನ್ನಿ. ಗೂಡು ಖಾಲಿಯಾಗಿ ಒಂದು ವಾರ ಯಾರೂ ಬರದಿದ್ದರೆ, ಆಗ ಹತ್ತಿರ ಹೋಗಿ ಆ ಎಲೆಯ ಅಂಚನ್ನು ನಿಧಾನವಾಗಿ ನೋಡಿ. ಗಂಟು ಅಂದುಕೊಂಡಿದ್ದ ಉಂಡೆಗಳು ಕೆದರಿದ ಜುಂಗು ಎನ್ನುವುದು ನಿಮಗೇ ಕಾಣುತ್ತದೆ. ಭೂತಗನ್ನಡಿ ಇದ್ದರೆ ತೆಗೆದುಕೊಂಡು ಹೋಗಿ.